ನಲವತ್ತೊಂದು ಮನೆಗೆ ಒಂದು ಕುರ್ಚಿ

ಐವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಹುಣಸೆಕೊಪ್ಪಲಿನ ಕೆಂಪಲಕ್ಷ್ಮಮ್ಮನಿಗೆ ಈ ಲೋಕದಿಂದ ಬೇಕಾಗಿದ್ದದ್ದು ಒಂದೇ ಒಂದು. ಮಗಳು ವಸಂತಳಿಗೆ ಅರಸೀಕೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಸೀಟು. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಇದ್ದ ಹೊಲವೋ, ಎಮ್ಮೆ ಅಲ್ಲಿ ಮಲಗಿದರೆ ಬಾಲ ಪಕ್ಕದವರ ಹೊಲದಲ್ಲಿ ಇರುವಷ್ಟು. ಕಂಡವರ ಗದ್ದೆಯಲ್ಲಿ ಕೂಲಿನಾಲಿ ಮಾಡಿ ಮಗಳನ್ನು ಎರಡು ಮೈಲಿ ಆಚೆಯ ಹಳೇಬೀಡಿನ ಶಾಲೆಗೆ ಕಳಿಸಿದ್ದಳು. ಹುಡುಗಿ ಇಡೀ ಶಾಲೆಗೆ ಎರಡನೆಯವಳಾಗಿ ಪಾಸಾಗಿದ್ದಳು. ಹೆಡ್‌ಮಾಸ್ಟರು ಹನುಮಂತಯ್ಯನವರು ಹಾಸ್ಟೆಲಿಗೆ ತಾವೇ ಅರ್ಜಿ ಬರೆದು, ತಾವೇ ಅಂಚೆಗೆ ಹಾಕಿ, ಊಟ, ವಸತಿ, ಪುಸ್ತಕ ಎಲ್ಲಾ ಪುಕ್ಕಟೆ, ಬಡವರ ಮನೆಯ ಮಕ್ಕಳಿಗೆ ಮೊದಲು ಕೊಡುತ್ತಾರೆ, ನಿನಗೆ ಸಿಕ್ಕೇ ಸಿಗುತ್ತೆ ಹೋಗಮ್ಮ ಎಂದು ಧೈರ್ಯ ಹೇಳಿದ್ದರು. ಅಂದಿನಿಂದ ಅವಳು ಅಂಚೆಯವನ ಸೈಕಲ್ಲಿನ ದಾರಿ ಕಾಯುತ್ತಿದ್ದಳು.

ಆದರೆ ಸೈಕಲ್ಲಿನಲ್ಲಿ ಬಂದವನು ಅಂಚೆಯವನಲ್ಲ, ಭಾಷ್ಯಂ. ಅರಸೀಕೆರೆಯ ಕಡೆಯ ಅಯ್ಯಂಗಾರರ ಹುಡುಗ, ಇಪ್ಪತ್ನಾಲ್ಕು ವಯಸ್ಸು, ಬಿ.ಎ. ಪಾಸು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಹೊಸದಾಗಿ ಒಂದು ಆಫೀಸು ಆಗಿತ್ತು. ಯಾವ ಊರಿಂದ ಯಾರು ಯಾರು ಕೆಲಸ ಹುಡುಕಿಕೊಂಡು ಹೊರಗೆ ಹೋಗಿದ್ದಾರೆ, ಹೋದವರ ಮನೆ ಹೇಗಿದೆ, ಉಳಿದವರ ಮನೆ ಹೇಗಿದೆ ಎಂದು ಮನೆಮನೆಗೂ ಹೋಗಿ ಬರೆದುಕೊಂಡು ಬರುವುದು ಆ ಆಫೀಸಿನ ಕೆಲಸ. ಭಾಷ್ಯಂಗೆ ಸಿಕ್ಕಿದ್ದು ಹುಣಸೆಕೊಪ್ಪಲು. ನಲವತ್ತೊಂದು ಮನೆ.

ಅವನ ಆಫೀಸಿನ ಮುಖ್ಯಸ್ಥರಾದ ವೆಂಕಟರಾಮಯ್ಯನವರು ಹುಡುಗರಿಗೆ ಒಂದು ಮಾತನ್ನು ತಲೆಗೆ ಹೊಡೆದು ಕೂರಿಸಿದ್ದರು. ಹಳ್ಳಿಯವರನ್ನು ನಿಮ್ಮ ಹತ್ತಿರ ಏನಿದೆ ಎಂದು ಕೇಳಕೂಡದು. ಕೇಳಿದರೆ ಇದ್ದದ್ದನ್ನೂ ಇಲ್ಲ ಅನ್ನುತ್ತಾರೆ. ಸುಮ್ಮನೆ ಹೋಗಿ ಕೂತು, ಕಣ್ಣಿಂದ ನೋಡಿ, ಅಂಕ ಹಾಕಿಕೊಂಡು ಬರಬೇಕು. ಕುರ್ಚಿಗೆ ಐದು ಅಂಕ, ಟೈಂಪೀಸಿಗೆ ಎಂಟು, ರೇಡಿಯೋಗೆ ಹನ್ನೆರಡು, ಸ್ಟೀಲಿನ ತಟ್ಟೆ ಲೋಟಕ್ಕೆ ನಾಲ್ಕು, ಲಾಟೀನಿಗೆ ಎರಡು. ಒಟ್ಟು ಕೂಡಿದರೆ ಆ ಮನೆಯ ಮಟ್ಟ. ಭಾಷ್ಯಂ ಈ ಪಾಠವನ್ನು ಸಂಧ್ಯಾವಂದನೆಯ ಮಂತ್ರಕ್ಕಿಂತ ಚೆನ್ನಾಗಿ ಕಲಿತಿದ್ದ.

ಮೊದಲ ದಿನ ಮೊದಲ ಮನೆ ಕೆಂಚಪ್ಪನದು. ಅಲ್ಲಿ ಕೂರಲು ಏನೂ ಇರಲಿಲ್ಲವೆಂದು ಕೆಂಚಪ್ಪ ಅವನನ್ನು ಒಂದು ರಾಗಿ ಮೂಟೆಯ ಮೇಲೆ ಕೂರಿಸಿದ. ಭಾಷ್ಯಂ ಕಾಲಿನ ಮೇಲೆ ಕಾಲು ಹಾಕಿ, ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚುವಷ್ಟರಲ್ಲಿ ಮೂಟೆ ಒಂದು ಪಕ್ಕಕ್ಕೆ ಹೊರಳಿತು. ಮೂಟೆಯ ಜೊತೆ ಭಾಷ್ಯಂ ಕೂಡ ಹೊರಳಿ, ಕಾವಿಗೆ ಕೂತಿದ್ದ ಕೋಳಿಯ ಮಂಕರಿಯೊಳಕ್ಕೆ ಹಿಂದುಗಡೆಯಿಂದ ಪ್ರವೇಶ ಮಾಡಿದ. ಕೋಳಿ ಎದ್ದಿತು, ಮೊಟ್ಟೆಗಳು ಏಳಲಿಲ್ಲ. ಬಿಳಿ ಪಂಚೆಯ ಹಿಂದೆ ಹನ್ನೊಂದು ಮೊಟ್ಟೆಯ ಲೋಳೆ ಇಟ್ಟುಕೊಂಡು, ನಾಳೆ ಬರ್ತೀನಿ ಎಂದು ಹೇಳಿ, ಸೈಕಲ್ಲಿನ ಮೇಲೆ ಕೂರದೆ ಅದನ್ನು ತಳ್ಳಿಕೊಂಡೇ ತಾನು ಇಳಿದುಕೊಂಡಿದ್ದ ಹಳೇಬೀಡಿಗೆ ಹೋದ.

ಇದನ್ನೆಲ್ಲ ಕೆಂಪಲಕ್ಷ್ಮಮ್ಮ ಎದುರು ಮನೆಯವರ ಜಗಲಿಯಿಂದ ನೋಡಿದಳು. ಬ್ರಾಹ್ಮಣರ ಹುಡುಗ, ಓದಿದವನು, ಊರಿಗೆ ಬಂದವನು ಮೊಟ್ಟೆಯ ಮೇಲೆ ಕೂತು ಹೋದ ಅಂದರೆ ಊರಿನ ಮಾನ ಉಳಿಯುತ್ತದೆಯೇ? ನಾಳೆ ಅರಸೀಕೆರೆಯಲ್ಲಿ ಹೇಳಿಕೊಂಡು ನಗುವುದಿಲ್ಲವೇ? ಅವಳು ನೆಟ್ಟಗೆ ಜವರಣ್ಣನ ಮನೆಗೆ ಹೋದಳು. ಜವರಣ್ಣ ಅರಸೀಕೆರೆಯ ರೈಲ್ವೆಯಲ್ಲಿ ಇಪ್ಪತ್ತೆರಡು ವರ್ಷ ಗ್ಯಾಂಗಿನ ಕೆಲಸ ಮಾಡಿ ಬಂದವನು. ಬರುವಾಗ ಸ್ಟೇಷನ್ನಿನ ಹಳೇ ಸಾಮಾನಿನ ಹರಾಜಿನಲ್ಲಿ ವೆಯ್ಟಿಂಗ್ ರೂಮಿನ ಒಂದು ತೇಗದ ಕುರ್ಚಿ ಹಿಡಿದುಕೊಂಡು ಬಂದಿದ್ದ. ಬೆನ್ನಿಗೆ ಬಿಳಿ ಬಣ್ಣದಲ್ಲಿ 14 ಎಂದು ಬರೆದ ಭಾರಿ ಕುರ್ಚಿ. ಊರಿಗೆಲ್ಲ ಇದ್ದ ಕುರ್ಚಿ ಅದೊಂದೇ. ಜವರಣ್ಣ ಅದರ ಮೇಲೆ ಕೂತರೆ ಹೆಂಡತಿಯೂ ಅವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು.

ಆ ಹುಡುಗ ಯಾವ ಮನೆಗೆ ಹೋಗುತ್ತಾನೋ ಆ ಮನೆಗೆ ಈ ಕುರ್ಚಿ ಮೊದಲೇ ಹೋಗಿ ಕೂತಿರಬೇಕು ಎಂದು ಕೆಂಪಲಕ್ಷ್ಮಮ್ಮ ಹೇಳಿದಳು. ಇದರಲ್ಲಿ ಯಾರಿಗೂ ಹೊಸತೇನೂ ಕಾಣಲಿಲ್ಲ. ಹೆಣ್ಣು ನೋಡಲು ಗಂಡಿನ ಕಡೆಯವರು ಬಂದಾಗ ಹುಣಸೆಕೊಪ್ಪಲು ಮಾಡುತ್ತಿದ್ದದ್ದೇ ಇದು. ಒಬ್ಬರ ಜಮಖಾನ, ಇನ್ನೊಬ್ಬರ ಲೋಟ, ಮತ್ತೊಬ್ಬರ ಲಾಟೀನು, ಎಲ್ಲವೂ ಹಿತ್ತಲ ದಾರಿಯಲ್ಲಿ ಆ ಮನೆ ಸೇರಿ, ಬಂದವರು ಎದ್ದು ಹೋದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದವು. ಊರಿನ ಎಷ್ಟು ಹೆಣ್ಣುಮಕ್ಕಳು ಆ ಕುರ್ಚಿಯ ದಯೆಯಿಂದ ಒಳ್ಳೇ ಮನೆ ಸೇರಿದ್ದರೋ ಲೆಕ್ಕವಿಲ್ಲ. ಭಾಷ್ಯಂ ಹೆಣ್ಣು ನೋಡಲು ಬಂದವನಲ್ಲ ನಿಜ, ಆದರೆ ನೋಡಲು ಬಂದವನಂತೂ ಹೌದು.

ಮಾರನೆಯ ದಿನ ಕೆಂಚಪ್ಪನ ಮನೆಗೆ ಬಂದ ಭಾಷ್ಯಂ ಕುರ್ಚಿಯ ಮೇಲೆ ಆರಾಮಾಗಿ ಕೂತ. ಆಮೇಲೆ ಪಕ್ಕದ ಮನೆಗೆ ಹೋದ, ಅಲ್ಲೂ ಕುರ್ಚಿ. ಅವನು ಮುಂಬಾಗಿಲಿನಿಂದ ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಪಕ್ಕದ ಮನೆಯ ಮುಂದೆ ಚಪ್ಪಲಿ ಬಿಡುವಷ್ಟರಲ್ಲಿ ಕುರ್ಚಿ ಇಬ್ಬರ ತಲೆಯ ಮೇಲೆ ಹಿತ್ತಲು ದಾಟಿ ಒಳಗೆ ಬಂದಿರುತ್ತಿತ್ತು. ಒಂದೊಂದು ಸಲ ಕುರ್ಚಿ ಇನ್ನೂ ಬೇಲಿಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಕಾಲಿಗೆ ನೀರು ಕೊಡುತ್ತಿದ್ದರು. ಎರಡನೇ ಚೊಂಬು ನೀರು ಕೊಡುತ್ತಿದ್ದರು. ಒಂದು ಮನೆಯಲ್ಲಂತೂ ಐದು ಚೊಂಬು ಕೊಟ್ಟರು. ಭಾಷ್ಯಂ ತನ್ನ ಪುಸ್ತಕದಲ್ಲಿ ಈ ಊರಿನವರಿಗೆ ಶುಚಿತ್ವದ ಅರಿವು ವಿಶೇಷವಾಗಿದೆ ಎಂದು ಬರೆದುಕೊಂಡ. ಕುರ್ಚಿಯ ಬೆನ್ನಿನ ಮೇಲೆ ಎಲ್ಲೆಲ್ಲೂ 14 ಇರುವುದನ್ನೂ ಅವನು ನೋಡಿದ. ಅದು ಮಾಡಿದವರ ನಂಬರಿರಬೇಕು ಎಂದುಕೊಂಡ.

ಅಷ್ಟಕ್ಕೇ ನಿಂತಿದ್ದರೆ ಇಷ್ಟು ರಂಪವಾಗುತ್ತಿರಲಿಲ್ಲ. ಆದರೆ ಒಂದು ಮನೆಗೆ ಕುರ್ಚಿ ಬಂದ ಮೇಲೆ ಇನ್ನೊಂದು ಮನೆಗೆ ಕುರ್ಚಿಯಷ್ಟೇ ಬಂದರೆ ಸಾಕೇ? ಧರ್ಮಪ್ಪ ತನ್ನ ಸರದಿಗೆ ಟೈಂಪೀಸನ್ನು ಹೊರಗಿಟ್ಟ; ಅವನ ತಮ್ಮ ಭದ್ರಾವತಿಯ ಕಾರ್ಖಾನೆಯಲ್ಲಿದ್ದ, ಅವನು ತಂದುಕೊಟ್ಟದ್ದು. ಧರ್ಮಪ್ಪನ ಮನೆಯಲ್ಲಿ ಟೈಂಪೀಸು ಕಂಡಿತು ಎಂದ ಮೇಲೆ ಪಕ್ಕದ ಮನೆಯವಳು ತನಗೂ ಅದು ಬೇಕೆಂದಳು. ನಂಜಪ್ಪನ ಭಾವಮೈದುನ ಕಾಫಿ ತೋಟದಲ್ಲಿ ರೈಟರು. ಅವನು ಕೊಟ್ಟ ಸ್ಟೀಲಿನ ತಟ್ಟೆ ಲೋಟ ಆಚೆ ಬಂತು. ಕಲ್ಲೇಶಪ್ಪನ ಮಗ ಬೊಂಬಾಯಿಯ ಮಿಲ್ಲಿನಿಂದ ತಂದ ರೇಡಿಯೋ ಕೊನೆಗೆ ಬಂತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಆದ್ದರಿಂದ ಎಲ್ಲಾ ಮನೆಯವರೂ ಈಗ ತಾನೇ ಆರಿಸಿದೆವು ಸ್ವಾಮಿ ಎಂದು ಹೇಳಬೇಕಾಗಿತ್ತು. ಮೊದಲೇ ಮುಗಿದಿದ್ದ ಕೆಂಚಪ್ಪ ಮುಂತಾದವರು, ಸರಿಯಾಗಿ ನೋಡಲಿಲ್ಲ ನೀವು, ಒಳಗೋಣೆಯಲ್ಲಿತ್ತು ಎಂದು ಭಾಷ್ಯಂನನ್ನು ವಾಪಸು ಕರೆದು ಎಲ್ಲವನ್ನೂ ಸೇರಿಸಿ ಬರೆಸಿದರು. ಊರೆಂದ ಮೇಲೆ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಆಗಕೂಡದಲ್ಲ.

ಸಾಮಾನು ಸಾಗಿಸುವ ಯಜಮಾನಿಕೆಯನ್ನು ಕೆಂಪಲಕ್ಷ್ಮಮ್ಮನೇ ವಹಿಸಿಕೊಂಡಿದ್ದಳು. ಒಂದು ದಿನ ಹಸಿ ಹುಲ್ಲಿನ ಹೊರೆಯೊಳಗೆ ಟೈಂಪೀಸು ಇಟ್ಟುಕೊಂಡು ತಲೆಯ ಮೇಲೆ ಹೊತ್ತು ಹೋಗುತ್ತಿರುವಾಗ ಎದುರಿಗೇ ಭಾಷ್ಯಂ ಬಂದ. ಅದೇ ಗಳಿಗೆಗೆ ಹೊರೆಯೊಳಗೆ ಅಲಾರಂ ಹೊಡೆದುಕೊಳ್ಳಲು ಶುರುವಾಯಿತು. ಅವನು ನಿಂತು, ಇದೇನಮ್ಮಾ ಶಬ್ದ ಎಂದು ಕೇಳಿದ. ಜೀರುಂಡೆ ಸ್ವಾಮಿ, ಈ ಹುಲ್ಲಲ್ಲಿ ಜಾಸ್ತಿ ಎಂದು ಅವಳು ನಡೆದೇ ಹೋದಳು. ಜೀರುಂಡೆ ಮನೆ ಮುಟ್ಟುವ ತನಕ ಬಾಯಿ ಮುಚ್ಚಲಿಲ್ಲ. ಭಾಷ್ಯಂ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡ. ಹಾಗೆಯೇ ಈ ಊರಿನ ಎಲ್ಲ ಟೈಂಪೀಸುಗಳೂ ಸರಿಯಾಗಿ ನಾಲ್ಕು ನಿಮಿಷ ಹಿಂದಿವೆ, ಇದು ಊರಿನ ಒಗ್ಗಟ್ಟಿನ ಗುರುತು ಎಂದೂ ಬರೆದುಕೊಂಡ.

ಹನ್ನೊಂದನೆಯ ದಿನ ಕೊನೆಯ ಮನೆ. ಬೀದಿಯ ತುದಿಯಲ್ಲಿದ್ದ ಕೆಂಪಲಕ್ಷ್ಮಮ್ಮನದು. ಅವಳ ಮನೆಗೂ ಕುರ್ಚಿ ಬಂತು, ಟೈಂಪೀಸು ಬಂತು, ತಟ್ಟೆ ಲೋಟ ಬಂತು, ರೇಡಿಯೋ ಬಂತು. ವಸಂತ ಗೋಡೆಗೆ ಒರಗಿ ನಿಂತು, ಇದೆಲ್ಲ ಸುಳ್ಳಲ್ಲವೇನವ್ವ ಎಂದು ಮೆಲ್ಲಗೆ ಕೇಳಿದಳು. ಬಂದವರಿಗೆ ಮಾಡುವ ಮರ್ಯಾದೆ ಸುಳ್ಳು ಹೆಂಗಾಗುತ್ತೆ ಸುಮ್ಮನಿರು ಎಂದು ತಾಯಿ ಗದರಿದಳು. ಭಾಷ್ಯಂ ಕುರ್ಚಿಯ ಮೇಲೆ ಕೂತು, ಸ್ಟೀಲು ಲೋಟದಲ್ಲಿ ಕೊಟ್ಟ ಎಳನೀರು ಕುಡಿದು, ಅರ್ಧ ಗಂಟೆ ಬರೆದುಕೊಂಡ. ಆ ಅರ್ಧ ಗಂಟೆ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು. ಗಂಡ ಸತ್ತ ಮೇಲೆ ಆ ಮನೆಗೆ ಒಬ್ಬ ದೊಡ್ಡ ಮನುಷ್ಯ ಬಂದು ಕೂತದ್ದು ಅದೇ ಮೊದಲು.

ಅರಸೀಕೆರೆಗೆ ಹೋಗಿ ಭಾಷ್ಯಂ ಕೂಡಿ ನೋಡಿದ. ಮೊದಲ ಮನೆಗೆ ಮೂವತ್ತೊಂದು ಅಂಕ. ಎರಡನೆಯದಕ್ಕೆ ಮೂವತ್ತೊಂದು. ಮೂರನೆಯದಕ್ಕೂ ಮೂವತ್ತೊಂದು. ನಲವತ್ತೊಂದು ಮನೆಗೂ ಮೂವತ್ತೊಂದು. ಅವನು ಇನ್ನೊಂದು ಸಲ ಕೂಡಿ ನೋಡಿದ. ಏಳು ಮನೆಯವರು ಮಾತ್ರ ಹೊರಗೆ ಹೋಗಿ ದುಡಿದವರು, ಮಿಕ್ಕ ಮೂವತ್ನಾಲ್ಕು ಮನೆಯವರು ಹಳೇಬೀಡಿನ ಕೆರೆ ದಾಟಿ ಹೋದವರಲ್ಲ. ಆದರೂ ಯಾರಿಗೂ ಒಂದು ಅಂಕ ಹೆಚ್ಚಿಲ್ಲ, ಒಂದು ಅಂಕ ಕಡಿಮೆಯಿಲ್ಲ. ಮೇಲುಕೀಳೇ ಇಲ್ಲದ ಊರು. ಊರು ಬಿಟ್ಟು ಹೋದವರಿಂದಲೇ ಹಳ್ಳಿಯಲ್ಲಿ ಮೇಲುಕೀಳು ಬೆಳೆಯುತ್ತದೆ ಎಂದು ಮೂವತ್ತು ವರ್ಷದಿಂದ ಪಾಠ ಹೇಳಿಕೊಂಡು ಬಂದಿದ್ದ ವೆಂಕಟರಾಮಯ್ಯನವರು ಆ ಕಾಗದ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಮುಂದಿನ ಗುರುವಾರ ತಾವೇ ಬಂದು ನೋಡುವುದಾಗಿ ಹೇಳಿ ಭಾಷ್ಯಂನನ್ನು ಹಳೇಬೀಡಿಗೆ ವಾಪಸು ಕಳಿಸಿದರು.

ಅದರ ನಡುವೆ ಅಂಚೆಯವನು ಬಂದ. ಹೆಡ್‌ಮಾಸ್ಟರು ಹನುಮಂತಯ್ಯನವರು ಕೆಂಪಲಕ್ಷ್ಮಮ್ಮನನ್ನು ಶಾಲೆಗೆ ಕರೆಸಿ ಕಾಗದ ಓದಿ ಹೇಳಿದರು. ಹಾಸ್ಟೆಲಿನವರು ಯಾರ ಮನೆ ಬಡವರದು ಎಂದು ತಿಳಿಯಲು ಆ ಮಹಡಿಯ ಆಫೀಸನ್ನೇ ಕೇಳಿದ್ದರು. ಹದಿನೈದು ಅಂಕಕ್ಕಿಂತ ಕಡಿಮೆ ಇದ್ದವರಿಗೆ ಸೀಟು. ನಿಮ್ಮ ಮನೆಯಲ್ಲಿ ಕುರ್ಚಿ, ಗಡಿಯಾರ, ರೇಡಿಯೋ ಇರುವುದರಿಂದ ತಮ್ಮ ಮಗಳಿಗೆ ಸೀಟು ಕೊಡಲು ಸಾಧ್ಯವಿಲ್ಲವೆಂದು ವಿಷಾದದಿಂದ ತಿಳಿಸುತ್ತೇವೆ ಎಂದು ಬರೆದಿದ್ದರು. ಹನುಮಂತಯ್ಯನವರು ಕನ್ನಡಕ ತೆಗೆದು ಅವಳನ್ನು ನೋಡಿ, ರೇಡಿಯೋ ಯಾವಾಗ ತಗೊಂಡೆಯಮ್ಮ ಎಂದು ಕೇಳಿದರು.

ಕೆಂಪಲಕ್ಷ್ಮಮ್ಮನಿಗೆ ಈಗ ತಿಳಿಯಿತು. ತನ್ನ ಕೈಯಾರೆ ಹೊತ್ತು ತಂದ ಕುರ್ಚಿಯೇ ಮಗಳ ದಾರಿಗೆ ಅಡ್ಡ ಕೂತಿತ್ತಲ್ಲ. ಅಲ್ಲಿಂದ ಓಡೋಡಿ ಭಾಷ್ಯಂ ಇಳಿದುಕೊಂಡಿದ್ದ ಮನೆಗೆ ಹೋಗಿ, ಅದೊಂದೂ ನನ್ನದಲ್ಲ ಸ್ವಾಮಿ ಎಂದು ಕೈಮುಗಿದಳು. ಭಾಷ್ಯಂ ಕೆಟ್ಟವನಲ್ಲ, ಆದರೆ ಪಾಠ ಚೆನ್ನಾಗಿ ಕಲಿತವನು. ಅವನು ಮರುಕದಿಂದಲೇ ಹೇಳಿದ:

"ನೋಡೀಮ್ಮಾ, ಎಲ್ಲರೂ ಹೀಗೇ ಇಲ್ಲ ಅಂತಾರೆ. ಹಾಗಂತಲೇ ನಾವು ಕೇಳಲ್ಲ. ನಾನು ನಿಮ್ಮ ಮನೇಲಿ ಆ ಕುರ್ಚಿ ಮೇಲೆ ಕೂತಿದ್ದೆನಲ್ಲಾ?"

ಕೂತಿದ್ದೇನೋ ಕೂತಿದ್ದ. ಗುರುವಾರ ನಮ್ಮ ಸಾಹೇಬರು ಬರುತ್ತಾರೆ, ಅವರು ಇನ್ನೊಮ್ಮೆ ನೋಡುತ್ತಾರೆ, ಮೊದಲು ನಿಮ್ಮ ಮನೆಯನ್ನೇ ನೋಡಲು ಹೇಳುತ್ತೇನೆ ಎಂದು ಭಾಷ್ಯಂ ಮಾತು ಕೊಟ್ಟ. ಅಷ್ಟಾದರೂ ಆಯಿತಲ್ಲ ಎಂದು ಅವಳು ಊರಿಗೆ ಬಂದಳು.

ಊರಿಗೆ ಬಂದು ಜವರಣ್ಣನ ಜಗಲಿಯ ಮೇಲೆ ನಾಲ್ಕು ಜನರನ್ನು ಸೇರಿಸಿ ಹೇಳಿದ್ದು ಇಷ್ಟೇ. ಗುರುವಾರ ಯಾರೂ ಏನೂ ಸಾಗಿಸಬೇಡಿ, ಅವರವರ ಸಾಮಾನು ಅವರವರ ಮನೆಯಲ್ಲಿರಲಿ, ನನ್ನ ಮಗಳ ಸೀಟು ಇದರ ಮೇಲೆ ನಿಂತಿದೆ. ಎಲ್ಲರೂ ತಲೆಯಾಡಿಸಿದರು. ಪಾಪ ನಮ್ಮ ವಸಂತ ಎಂದರು. ಆದರೆ ಅವಳು ಎದ್ದು ಹೋದ ಮೇಲೆ ಆ ಮಾತು ಬೇರೆ ದಿಕ್ಕು ಹಿಡಿಯಿತು. ಅಂಕ ಕಡಿಮೆಯಾದರೆ ಸೀಟು ಸಿಗುತ್ತದೆ ಅನ್ನುವುದಾದರೆ ಇನ್ನೇನೇನು ಸಿಗುತ್ತದೋ ಯಾರಿಗೆ ಗೊತ್ತು ಎಂದ ಕೆಂಚಪ್ಪ. ಬಾವಿ ತೋಡಿಸಿ ಕೊಡಬಹುದು ಎಂದ ನಂಜಪ್ಪ. ಬಿತ್ತನೆ ಬೀಜ, ಹಸು, ಹೆಂಚು ಎಂದು ಒಬ್ಬೊಬ್ಬರು ಒಂದೊಂದು ಹೇಳಿ, ಸ್ವಲ್ಪ ಹೊತ್ತಿಗೆ ಸರ್ಕಾರ ಆ ಜಗಲಿಯ ಮೇಲೆ ಕೊಡದೇ ಉಳಿಸಿದ್ದು ಯಾವುದೂ ಇರಲಿಲ್ಲ. ಹಾಗಾದರೆ ಗುರುವಾರ ಹುಣಸೆಕೊಪ್ಪಲಿನಲ್ಲಿ ಯಾರ ಮನೆಯಲ್ಲೂ ಏನೂ ಇರಕೂಡದು ಎಂದು ತೀರ್ಮಾನವಾಯಿತು.

ಇರಕೂಡದು ಸರಿ, ಇಡುವುದೆಲ್ಲಿ? ಹೊಲದಲ್ಲಿ ಇಟ್ಟರೆ ಕಳ್ಳರ ಭಯ. ದೇವಸ್ಥಾನದಲ್ಲಿ ಇಟ್ಟರೆ ಸಾಹೇಬರು ಕೈಮುಗಿಯಲು ಅಲ್ಲಿಗೇ ಮೊದಲು ಬರುತ್ತಾರೆ. ಆಗ ಧರ್ಮಪ್ಪನಿಗೆ ಹೊಳೆಯಿತು. ಬೀದಿಯ ತುದಿಯ ಮನೆ. ಸಾಹೇಬರು ಈ ತುದಿಯಿಂದ ಶುರು ಮಾಡಿ ಅಲ್ಲಿಗೆ ಹೋಗುವಷ್ಟರಲ್ಲಿ ಬಿಸಿಲಿಗೆ ಸುಸ್ತಾಗಿ ವಾಪಸು ಹೋಗಿರುತ್ತಾರೆ. ಒಳಗೆ ಬೇಕಾದಷ್ಟು ಜಾಗವೂ ಇದೆ, ಪಾಪ ಅವಳ ಮನೆಯಲ್ಲಿ ಇರುವುದಾದರೂ ಏನು? ಯಾರಿಗೂ ಇದರಲ್ಲಿ ಕೇಡು ಮಾಡುವ ಮನಸ್ಸಿರಲಿಲ್ಲ. ಕೇಡು ಮಾಡುವವರು ಇಷ್ಟು ಉತ್ಸಾಹದಿಂದ ಮಾಡುವುದೂ ಇಲ್ಲ.

ಗುರುವಾರ ಬೆಳಿಗ್ಗೆ ಕೆಂಪಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ಸಾಹೇಬರನ್ನು ಎದುರುಗೊಳ್ಳಲು ಹಳೇಬೀಡಿಗೆ ಹೋದಳು. ಬೀಗ ಹಾಕುವಂಥದ್ದು ಏನೂ ಇಲ್ಲದ್ದರಿಂದ ಆ ಮನೆಗೆ ಬೀಗವೂ ಇರಲಿಲ್ಲ. ವೆಂಕಟರಾಮಯ್ಯನವರು ಬಸ್ಸಿನಿಂದ ಇಳಿದರು. ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ, ಕೈಯಲ್ಲಿ ಕೊಡೆ. ಭಾಷ್ಯಂ ಹೇಳಿದ್ದಂತೆ ಮೊದಲು ಈಕೆಯ ಮನೆಯನ್ನೇ ನೋಡೋಣ ಎಂದರು. ದಾರಿಯುದ್ದಕ್ಕೂ ಅವಳು ಅವರಿಗೆ ತನ್ನ ಮನೆಯಲ್ಲಿ ಏನೇನಿಲ್ಲ ಎಂದು ಒಂದೊಂದಾಗಿ ಹೇಳಿಕೊಂಡು ಬಂದಳು. ಹೆರವರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು ಹುಟ್ಟಿದಾರಭ್ಯ ಅದೇ ಮೊದಲು. ಕೆರೆಯ ಏರಿ ಇಳಿದು ಬರುವಷ್ಟರಲ್ಲಿ ಅವರಿಗೆ ಮುಕ್ಕಾಲು ನಂಬಿಕೆ ಬಂದಿತ್ತು.

ಬಾಗಿಲು ತಳ್ಳಿದರೆ ಬಾಗಿಲು ಪೂರ್ತಿ ತೆರೆಯಲಿಲ್ಲ. ಹಿಂದುಗಡೆ ಹೊಲಿಗೆ ಮೆಷಿನ್ನು ಅಡ್ಡ ಇತ್ತು. ಭಾಷ್ಯಂ ಭುಜ ಕೊಟ್ಟು ನೂಕಿದ ಮೇಲೆ ಎಲ್ಲರೂ ಒಳಗೆ ಇಣುಕಿದರು. ನಟ್ಟನಡುವೆ ಹದಿನಾಲ್ಕನೇ ನಂಬರಿನ ಕುರ್ಚಿ. ಅದರ ಮೇಲೆ ರೇಡಿಯೋ, ರೇಡಿಯೋ ಮೇಲೆ ಟೈಂಪೀಸು. ಎರಡು ಸೈಕಲ್ಲು. ಸೂರು ಮುಟ್ಟುವಂತೆ ಹಿತ್ತಾಳೆಯ ಹಂಡೆ, ಕೊಳಗ, ಬಿಂದಿಗೆ. ಮೂವತ್ತಕ್ಕೂ ಹೆಚ್ಚು ಲಾಟೀನುಗಳು. ಜಮಖಾನಗಳ ಅಟ್ಟಿ. ಒಲೆಯ ಮೇಲೂ ಯಾರದೋ ಇಸ್ತ್ರಿ ಪೆಟ್ಟಿಗೆ. ಅಷ್ಟರಲ್ಲಿ ಟೈಂಪೀಸಿಗೆ ಏನನ್ನಿಸಿತೋ ಏನೋ ಅಲಾರಂ ಹೊಡೆದುಕೊಂಡಿತು. ಭಾಷ್ಯಂಗೆ ತಾನು ಬರೆದುಕೊಂಡ ಜೀರುಂಡೆಯ ನೆನಪಾಗಿ ಕಿವಿ ಕೆಂಪಾಯಿತು.

ವೆಂಕಟರಾಮಯ್ಯನವರು ಕೊಡೆ ಮಡಿಸಿ, ಪೆನ್ನು ತೆಗೆದು, ಅಂಕ ಹಾಕಲು ಶುರು ಮಾಡಿದರು. ಮೊದಲ ಹಾಳೆ ತುಂಬಿತು. ಎರಡನೇ ಹಾಳೆಯಲ್ಲಿ ಇನ್ನೂರ ಹದಿನೆಂಟಕ್ಕೆ ಬಂದಾಗ ಒಮ್ಮೆ ತಲೆಯೆತ್ತಿ, ಇಂಥ ಮನೆಯನ್ನು ನಾನು ಮೈಸೂರಿನಲ್ಲೂ ನೋಡಿಲ್ಲ ಎಂದರು.

ಕೆಂಪಲಕ್ಷ್ಮಮ್ಮ ಬಾಗಿಲ ಬಳಿ ನಿಂತು ಬೀದಿಯನ್ನು ನೋಡಿದಳು. ಇಡೀ ಊರು ಬೇಲಿಯ ಆಚೆ ಗುಂಪು ಕೂಡಿತ್ತು. ಒಬ್ಬರಾದರೂ ಮುಂದೆ ಬಂದು ಅದು ನಮ್ಮದು ಅನ್ನಲಿಲ್ಲ. ಎಲ್ಲರೂ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದರು. ಅವಳಿಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. ನನ್ನದಲ್ಲ ಎಂದು ಹೇಳಲು ಬಾಯಿ ತೆರೆದವಳು ತಡೆದಳು. ನಿಜ ಹೇಳಿದರೆ ಈ ಜನ ನಂಬುವುದಿಲ್ಲ ಅನ್ನುವುದನ್ನು ಅವಳು ಒಂದು ಸಲ ನೋಡಿಯಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಹೇಳಿದಳು:

"ಬರ್ಕೊಳ್ಳಿ ಸ್ವಾಮಿ, ಎಲ್ಲಾ ನಂದೇ. ಒಂದೂ ಬಿಡ್ಬ್ಯಾಡಿ. ಬರ್ದು ಮೊಹರು ಹಾಕಿ ಕೊಡಿ, ಹೆಬ್ಬೆಟ್ಟು ಒತ್ತೀನಿ. ನಾಳೀಕೆ ಯಾವನಾದ್ರೂ ನಂದು ಅಂತ ಬಂದ್ರೆ ಆ ಕಾಗದ ತೋರಿಸ್ತೀನಿ."

ವೆಂಕಟರಾಮಯ್ಯನವರು ಹಾಗೆಯೇ ಆಗಲಿ ಎಂದು ಹೊಸ ಹಾಳೆ ತೆಗೆದು, ರೇಡಿಯೋ ಒಂದು, ಕೆಂಪಲಕ್ಷ್ಮಮ್ಮನವರದು ಎಂದು ಗಟ್ಟಿಯಾಗಿ ಓದುತ್ತಾ ಬರೆದರು. ಕಲ್ಲೇಶಪ್ಪ ಬೇಲಿ ಹಾರಿದ. ಅರವತ್ತು ವರ್ಷದ ಮನುಷ್ಯ, ಗೇಟು ಪಕ್ಕದಲ್ಲೇ ಇತ್ತು, ಆದರೂ ಹಾರಿದ. ಅದು ನನ್ನ ಮಗ ಬೊಂಬಾಯಿಯಿಂದ ತಂದದ್ದು, ಬೇಕಾದರೆ ಒಳಗೆ ಅವನ ಹೆಸರು ಕೆತ್ತಿದೆ ನೋಡಿ ಎಂದು ರೇಡಿಯೋವನ್ನು ಮಗುವಿನ ಹಾಗೆ ಎತ್ತಿಕೊಂಡ. ಹಾಗಿದ್ದರೆ ನಿಮ್ಮ ಹೆಸರಿಗೆ ಹನ್ನೆರಡು ಅಂಕ ಎಂದು ವೆಂಕಟರಾಮಯ್ಯನವರು ಆ ಸಾಲು ಹೊಡೆದು ಬೇರೆ ಕಡೆ ಬರೆದರು. ಬರೆದುಕೊಳ್ಳಿ, ಇಪ್ಪತ್ತು ಬೇಕಾದರೂ ಬರೆದುಕೊಳ್ಳಿ ಎಂದ ಕಲ್ಲೇಶಪ್ಪ.

ಆಮೇಲೆ ತಡೆಯುವವರೇ ಇರಲಿಲ್ಲ. ಧರ್ಮಪ್ಪ ಟೈಂಪೀಸಿಗೆ ಬಂದ, ಕೃಷ್ಣಪ್ಪ ಹೊಲಿಗೆ ಮೆಷಿನ್ನಿಗೆ ಬಂದ, ಕೆಂಚಪ್ಪ ಎರಡು ಸೈಕಲ್ಲಿಗೂ ಬಂದು ಒಂದಕ್ಕೆ ಮಾತ್ರ ಸಾಕ್ಷಿ ಒದಗಿಸಲು ಶಕ್ತನಾದ. ಜವರಣ್ಣ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುವಾಗ ಭಾಷ್ಯಂ ಅದರ ಬೆನ್ನಿನ 14ನ್ನು ನೋಡುತ್ತಾ ನಿಂತಿದ್ದ. ನಲವತ್ತೊಂದು ಸಲ ಕೂತು ಎದ್ದ ಕುರ್ಚಿಗೆ ಅವನು ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿರಬೇಕು. ಲಾಟೀನುಗಳ ವಿಷಯದಲ್ಲಿ ಇಬ್ಬರು ಹೆಂಗಸರು ಜಡೆ ಹಿಡಿಯುವ ತನಕ ಹೋದರು. ಪ್ರತಿಯೊಂದು ಸಾಮಾನೂ ತನ್ನ ಯಜಮಾನನ ಹೆಸರು ಹೇಳಿಸಿಕೊಂಡು ಆಚೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ವೆಂಕಟರಾಮಯ್ಯನವರು ಊರಿನ ಬೇರೊಂದು ಮನೆಗೂ ಕಾಲಿಡದೆ ಇಡೀ ಊರಿನ ನಿಜವಾದ ಲೆಕ್ಕವನ್ನು ಕೈಯಲ್ಲಿ ಹಿಡಿದಿದ್ದರು. ಹೊರಗೆ ಹೋಗಿ ದುಡಿದವರ ಏಳು ಮನೆಯಲ್ಲಿ ಎಲ್ಲವೂ ಇತ್ತು, ಉಳಿದ ಮೂವತ್ನಾಲ್ಕರಲ್ಲಿ ಹೆಚ್ಚೇನೂ ಇರಲಿಲ್ಲ. ಮೂವತ್ತು ವರ್ಷದ ಪಾಠ ಸುಳ್ಳಾಗಲಿಲ್ಲವೆಂದು ಅವರ ಮುಖ ಅರಳಿತು. ಲೋಕದಲ್ಲಿ ಮೇಲುಕೀಳು ಇದೆ ಎಂದು ತಿಳಿದು ಅಷ್ಟು ಸಂತೋಷಪಟ್ಟ ಸಜ್ಜನರನ್ನು ಹುಣಸೆಕೊಪ್ಪಲು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕೊನೆಗೆ ಮನೆ ಖಾಲಿಯಾಯಿತು. ಉಳಿದದ್ದು ಒಂದು ಚಾಪೆ, ಎರಡು ಕಂಬಳಿ, ನಾಲ್ಕು ಮಣ್ಣಿನ ಮಡಕೆ, ಒಂದು ಲಾಟೀನು. ಇಡೀ ಬೀದಿ ಬಾಗಿಲಲ್ಲಿ ನಿಂತು ಆ ಖಾಲಿಯನ್ನು ನೋಡಿತು. ಇಷ್ಟು ದಿನ ಜನ ಬರುತ್ತಾರೆಂದರೆ ಅವಳು ಬಾಗಿಲು ಅರ್ಧ ಮುಚ್ಚಿಕೊಂಡು ಹೊರಗೇ ಮಾತಾಡಿಸುತ್ತಿದ್ದಳು. ಈಗ ನಾಚಿಕೆಯಿಂದ ಮೈ ಹಿಡಿಯಾದರೂ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಜವರಣ್ಣನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು.

ಎರಡು ಅಂಕ ಎಂದರು ವೆಂಕಟರಾಮಯ್ಯನವರು. ಅಲ್ಲೇ ನಿಂತು, ಕೊಡೆಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ಹಾಸ್ಟೆಲಿಗೆ ಒಂದು ಕಾಗದ ಬರೆದು ಸಹಿ ಹಾಕಿ ವಸಂತಳ ಕೈಗೆ ಕೊಟ್ಟರು. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಜೂನ್ ಒಂದನೇ ತಾರೀಖು ಬಂದು ಸೇರಿಕೋ ಮಗು ಎಂದರು. ಕೆಂಪಲಕ್ಷ್ಮಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಗಳ ತಲೆ ನೇವರಿಸಿದಳು, ಸಾಹೇಬರಿಗೆ ಕೈಮುಗಿದಳು, ಭಾಷ್ಯಂಗೆ ಮುಗಿದಳು, ಮುಗಿಯುತ್ತಾ ಮುಗಿಯುತ್ತಾ ಕೆಂಚಪ್ಪನಿಗೂ ಮುಗಿದುಬಿಟ್ಟಳು.

ಭಾಷ್ಯಂಗೆ ಫಾರಮಿನಲ್ಲಿ ಇನ್ನೊಂದು ಸಾಲು ಉಳಿದಿತ್ತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ. ಇಬ್ಬರು ಎಂದಳು. ವೆಂಕಟರಾಮಯ್ಯನವರು ಬೀದಿಗೆ ಇಳಿಯುತ್ತಲೇ ತಿರುಗಿ, ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿರುವವರು ಊರು ಬಿಟ್ಟವರ ಲೆಕ್ಕ, ಹುಡುಗಿ ಇನ್ನು ಅರಸೀಕೆರೆಯವಳಾದಳಲ್ಲ, ಊರು ಬಿಟ್ಟವರು ಒಂದು, ಮನೆಯಲ್ಲಿ ಉಳಿದವರು ಒಂದು ಅಂತ ಹಾಕಿಕೊಳ್ಳಿ ಎಂದು ಹೇಳಿ ಬಸ್ಸಿನ ಹೊತ್ತಾಯಿತೆಂದು ಹೊರಟರು.

ಅವಳಿಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ಸೀಟು ಸೀಟು ಎಂದು ಜಪ ಮಾಡಿದ್ದಳು, ಸೀಟಿಗಾಗಿ ಊರಿನ ಮುಂದೆ ಮನೆ ಬರಿದು ಮಾಡಿ ತೋರಿಸಿದ್ದಳು. ಆ ಸೀಟಿನಲ್ಲಿ ಕೂರುವುದು ವಸಂತ ಎಂದೂ, ಹಾಗೆ ಕೂತರೆ ಈ ಚಾಪೆಯ ಆ ಪಕ್ಕ ಯಾರೂ ಇರುವುದಿಲ್ಲವೆಂದೂ ಯೋಚಿಸಿರಲಿಲ್ಲ. ಅವಳು ಭಾಷ್ಯಂನ ಫಾರಮಿನ ಮೇಲೆ ಅಂಗೈ ಇಟ್ಟಳು.

"ಕುರ್ಚಿ ನಂದಲ್ಲ, ರೇಡಿಯೋ ನಂದಲ್ಲ, ಒಪ್ಕೊಂಡೆ ಸ್ವಾಮಿ. ಇವಳು ನನ್ನವಳೇಯ. ಓದಕ್ಕೆ ಹೋಯ್ತಾಳೆ, ಬತ್ತಾಳೆ. ಎಲ್ಡು ಅಂತ್ಲೇ ಬರೀರಿ."

ಭಾಷ್ಯಂ ಬೀದಿಯಲ್ಲಿ ದೂರವಾಗುತ್ತಿದ್ದ ಕೊಡೆಯನ್ನು ನೋಡಿದ. ಆಮೇಲೆ ಅವಳ ಕೈಯನ್ನು ನೋಡಿದ. ಕೈ ತೆಗೆಯಿರಿ ಅಮ್ಮಾ, ಬರೀತೀನಿ ಎಂದ. ಅವನು ಬರೆದು ಫಾರಂ ಮಡಿಸುವ ಮುಂಚೆ ಓದಲು ಬಾರದ ತಾಯಿ ಮಗಳ ಕಡೆ ನೋಡಿದಳು. ವಸಂತ ಅವನ ಮೊಣಕೈ ಪಕ್ಕದಿಂದ ಬಗ್ಗಿ ನೋಡಿದಳು.

"ಎರಡು ಅಂತ ಬರ್ದವ್ರೆ ಕಣವ್ವ."

ಹುಣಸೆಕೊಪ್ಪಲಿನ ಆ ಎರಡನೇ ವರದಿಯಲ್ಲಿ ತಪ್ಪಾಗಿ ಉಳಿದ ಅಂಕಿ ಅದೊಂದೇ.